ರಾಜಾಜಿನಗರದಿಂದ ಮುಧೋಳಕ್ಕೆ: ಜನ ಜೊತೆಗೂಡಿ ಕಟ್ಟಿದ ಆರೋಗ್ಯ ಸಂಶೋಧನೆ

ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾ ಎಂದರೆ ಹಳೆಯ ಬೆಂಗಳೂರಿಗರಿಗೆ ನೆನಪಾಗುವುದು ಲೇತ್ ಯಂತ್ರಗಳ ಸದ್ದು, ಸಣ್ಣ ಸಣ್ಣ ವರ್ಕ್‌ಶಾಪುಗಳು, ಪಾಳಿ ಮುಗಿಸಿ ಬಸ್ಸು ಹಿಡಿಯಲು ಓಡುವ ಕಾರ್ಮಿಕರು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಸಿ. ರಾಜಗೋಪಾಲಾಚಾರಿಯವರ ಹೆಸರಿಟ್ಟು ಕಟ್ಟಿದ ಈ ಬಡಾವಣೆಗೆ ಮೊದಲಿನಿಂದಲೂ ಕೈಗಾರಿಕೆಯ ಗುರುತೇ ದೊಡ್ಡದು. ಆದರೆ ಇಲ್ಲಿಯ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮದ ಆಡಳಿತ ಕಚೇರಿಯ ಹಿಂದಿರುವ ಕಟ್ಟಡವೊಂದರ ಐದನೇ ಮಹಡಿಯಲ್ಲಿ ಬಹುಕಾಲ ಬೇರೆಯದೇ ಬಗೆಯ ಕೆಲಸ ನಡೆಯಿತು. ಬಾಗಲಕೋಟೆ, ಬೆಳಗಾವಿ, ಬಳ್ಳಾರಿ, ಮೈಸೂರು ಜಿಲ್ಲೆಗಳ ಹಳ್ಳಿ ಪೇಟೆಗಳಿಂದ ಬಂದ ಹೆಣ್ಣುಮಕ್ಕಳ ಉತ್ತರಗಳು ಅಲ್ಲಿ ಅಂಕಿಸಂಖ್ಯೆಗಳಾದವು. ಆ ಅಂಕಿಗಳು ಕರ್ನಾಟಕದ ಎಚ್‌ಐವಿ ತಡೆಯ ದಾರಿಯನ್ನು ತಿದ್ದಿದವು.

ಅದು ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್‌ನ ವಿಳಾಸ. ಚಿಕ್ಕದಾಗಿ ಕೆಎಚ್‌ಪಿಟಿ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯವೂ ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿಯೂ ಸೇರಿ 2003ರಲ್ಲಿ ಇದನ್ನು ಹುಟ್ಟುಹಾಕಿದವು. ವಿಶ್ವವಿದ್ಯಾಲಯ, ಸರ್ಕಾರ ಮತ್ತು ಸಮಾಜ ದೂರವಿಟ್ಟ ಹೆಂಗಸರ ಸಂಘಗಳು ಒಂದೇ ಮೇಜಿನ ಸುತ್ತ ಕೂತ ಈ ಚರಿತ್ರೆ ಒಂದು ಸಂಗತಿಯನ್ನು ಲೆಕ್ಕದ ಮೂಲಕವೇ ತೋರಿಸಿಕೊಟ್ಟಿತು: ಯಾರ ಬದುಕನ್ನು ಅಳೆಯಲು ಹೊರಟಿದ್ದೇವೋ ಅವರ ಕೈ ಅಳತೆಗೋಲಿನ ಮೇಲೆ ಇಲ್ಲದಿದ್ದರೆ ಲೆಕ್ಕವೇ ತಪ್ಪುತ್ತದೆ.

ಈ ಪಾಠಕ್ಕೆ ಕರ್ನಾಟಕದಲ್ಲಿ ಹಳೆಯ ಬೇರುಗಳಿವೆ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತಮುತ್ತ ಜ್ವರದಿಂದ ಜನ ಸಾಯತೊಡಗಿದಾಗ, ಕಾಡಿನಲ್ಲಿ ಮಂಗಗಳೂ ಸತ್ತು ಬೀಳುತ್ತಿರುವುದನ್ನು ಮೊದಲು ಕಂಡವರು ಊರವರು. ಎರಡಕ್ಕೂ ಸಂಬಂಧವಿದೆ ಎಂಬುದು ಅವರಿಟ್ಟ ‘ಮಂಗನ ಕಾಯಿಲೆ’ ಎಂಬ ಹೆಸರಲ್ಲೇ ಇತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಮೊದಲಿಗೆ ಆಫ್ರಿಕಾದ ಹಳದಿ ಜ್ವರ ಇಲ್ಲಿಗೂ ಬಂತೇ ಎಂದು ಆತಂಕಪಟ್ಟರು. ಆಮೇಲೆ ಇದು ಹೊಸ ವೈರಸ್, ಉಣ್ಣೆಗಳಿಂದ ಹರಡುವಂಥದ್ದು ಎಂದು ಪತ್ತೆಹಚ್ಚಿದರು. ಊರವರ ಕಣ್ಣು ತೋರಿಸಿದ ಜಾಡಿನಲ್ಲಿಯೇ ಪ್ರಯೋಗಾಲಯ ನಡೆದಿತ್ತು.

ಎರಡು ವರ್ಷದ ನಂತರ, 1959ರಲ್ಲಿ, ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. 1960ರ ಸೆಪ್ಟೆಂಬರ್‌ನಲ್ಲಿ ಜವಾಹರಲಾಲ್ ನೆಹರೂ ಅದನ್ನು ಉದ್ಘಾಟಿಸಿದರು. ಕ್ಷಯವನ್ನು ಹಿಡಿಯಬೇಕಾದರೆ ಎಕ್ಸ್‌ರೇ ಗಾಡಿ ತೆಗೆದುಕೊಂಡು ಊರೂರು ಅಲೆಯಬೇಕು, ಹಳ್ಳಿಯವರಿಗೆ ರೋಗದ ಅರಿವೇ ಇರುವುದಿಲ್ಲ ಎಂಬ ನಂಬಿಕೆ ಆಗ ಗಟ್ಟಿಯಾಗಿತ್ತು. ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯ ಇರುವವರನ್ನು ಹುಡುಕಿ ಮಾತನಾಡಿಸಿದರು. ಎಕ್ಸ್‌ರೇಯ ವಿಷಯ ಬದಿಗಿಟ್ಟು, ಮೈಯಲ್ಲಿ ಏನಾಗುತ್ತಿದೆ, ಅದಕ್ಕೆ ಏನು ಮಾಡಿದಿರಿ ಎಂದು ವಿಚಾರಿಸಿದರು.

1963ರಲ್ಲಿ ಪ್ರಕಟವಾದ ಆ ಅಧ್ಯಯನ ನಂಬಿಕೆಯನ್ನು ಬುಡಮೇಲು ಮಾಡಿತು. ರೋಗಿಗಳಲ್ಲಿ ಬಹುಪಾಲು ಜನಕ್ಕೆ ತಮ್ಮ ರೋಗಲಕ್ಷಣ ಗೊತ್ತಿತ್ತು. ಹೆಚ್ಚಿನವರಿಗೆ ಅದರ ಚಿಂತೆಯೂ ಇತ್ತು. ಸುಮಾರು ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿ ಬಂದಿದ್ದರು. ಅಲ್ಲಿ ಅವರ ಕಫ ಪರೀಕ್ಷೆ ನಡೆಯಲಿಲ್ಲ. ಕೆಮ್ಮಿನ ಔಷಧದ ಬಾಟಲಿ ಕೊಟ್ಟು ಕಳುಹಿಸಲಾಗುತ್ತಿತ್ತು. ದೋಷ ಇದ್ದದ್ದು ಜನರ ಅಜ್ಞಾನದಲ್ಲಲ್ಲ, ಆಸ್ಪತ್ರೆಯ ಕಿವುಡುತನದಲ್ಲಿ. ಕೆಮ್ಮು ಎಂದು ತಾವಾಗಿಯೇ ಬಂದವರ ಕಫವನ್ನು ಹತ್ತಿರದ ಸಾಮಾನ್ಯ ಆಸ್ಪತ್ರೆಯಲ್ಲೇ ಪರೀಕ್ಷಿಸಿ ಔಷಧ ಕೊಡುವ ಜಿಲ್ಲಾ ಕ್ಷಯ ನಿಯಂತ್ರಣ ಕಾರ್ಯಕ್ರಮ ಈ ತಿಳಿವಳಿಕೆಯ ಮೇಲೆ ನಿಂತಿತು. ತುಮಕೂರಿನ ರೋಗಿಗಳ ಮಾತು ಇಡೀ ದೇಶದ ನೀತಿಯಾಯಿತು.

1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಇದೇ ಹಾದಿ ಹಿಡಿಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಕಾರ್ಯಕರ್ತರೂ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಕೊಡಬಲ್ಲರು ಎಂಬುದನ್ನು ಅಲ್ಲಿ ಪರೀಕ್ಷಿಸಿ ನೋಡಲಾಯಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ.

ಅಷ್ಟರಲ್ಲಿ ಏಡ್ಸ್ ಬಂತು. 1986ರಲ್ಲಿ ಚೆನ್ನೈನಲ್ಲಿ ಡಾ. ಸುನಿತಿ ಸೋಲೊಮನ್ ಅವರ ತಂಡ ದೇಶದ ಮೊದಲ ಎಚ್‌ಐವಿ ಸೋಂಕನ್ನು ಗುರುತಿಸಿತು. ಆಮೇಲಿನ ವರ್ಷಗಳಲ್ಲಿ ಲೈಂಗಿಕ ಕಾರ್ಯಕರ್ತೆಯರ ಬಗ್ಗೆ ನಡೆದ ಮಾತೆಲ್ಲ ಅವರನ್ನು ರೋಗದ ಮೂಲವೆಂದು ಬೊಟ್ಟು ಮಾಡುವುದರಲ್ಲೇ ಮುಗಿಯುತ್ತಿತ್ತು. ರಕ್ತ ತೆಗೆದುಕೊಂಡು ಹೋಗುವವರು ಬರುತ್ತಿದ್ದರು. ಫಲಿತಾಂಶ ಹೇಳಲು ಮರಳಿ ಬರುವವರು ಕಡಿಮೆ. ಕರ್ನಾಟಕದಲ್ಲಿ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ ಶುರುವಾದದ್ದು 1997ರಲ್ಲಿ. 2001ರ ಹೊತ್ತಿಗೆ ಭಾರತ–ಕೆನಡಾ ಜಂಟಿ ಯೋಜನೆಯೊಂದರ ಮೂಲಕ ಮ್ಯಾನಿಟೋಬಾ ವಿಶ್ವವಿದ್ಯಾಲಯ ರಾಜ್ಯಕ್ಕೆ ಕಾಲಿಟ್ಟಿತು. ಸ್ಟೀಫನ್ ಮೋಸೆಸ್, ಜೇಮ್ಸ್ ಬ್ಲಾಂಚರ್ಡ್ ಮುಂತಾದ ಸೋಂಕುರೋಗ ತಜ್ಞರು ಇಲ್ಲಿಗೆ ಬಂದರು. 1980ರ ದಶಕದಿಂದಲೇ ಕೆನ್ಯಾದ ನೈರೋಬಿಯಲ್ಲಿ ಲೈಂಗಿಕ ಕಾರ್ಯಕರ್ತೆಯರ ನಡುವೆ ಸಂಶೋಧನೆ ನಡೆಸಿದ ಅನುಭವ ಆ ವಿಶ್ವವಿದ್ಯಾಲಯಕ್ಕಿತ್ತು.

ಆದರೆ ಉತ್ತರ ಕರ್ನಾಟಕ ನೈರೋಬಿಯಂತಿರಲಿಲ್ಲ. ಎಚ್‌ಐವಿ ದೊಡ್ಡ ಪಟ್ಟಣಗಳ, ಹೆದ್ದಾರಿಗಳ ಕಾಯಿಲೆ ಎಂಬ ಎಣಿಕೆ ಇಲ್ಲಿ ಸುಳ್ಳಾಯಿತು. ಬಾಗಲಕೋಟೆ ಜಿಲ್ಲೆಯಲ್ಲಿ 2003ರ ಸುಮಾರಿಗೆ ನಡೆಸಿದ ಸಮೀಕ್ಷೆಯಲ್ಲಿ ಸಾಮಾನ್ಯ ಜನರಲ್ಲೇ ನೂರಕ್ಕೆ ಸುಮಾರು 3 ಮಂದಿಗೆ ಸೋಂಕು ಕಂಡಿತು. ಹಳ್ಳಿಗಳೂ ಅದರಿಂದ ಹೊರತಾಗಿರಲಿಲ್ಲ. ಕಾರಣ ಹುಡುಕುತ್ತ ಹೋದರೆ ಸಿಕ್ಕಿದ್ದು ಮುತ್ತು ಕಟ್ಟುವ, ಅಂದರೆ ಹುಡುಗಿಯರನ್ನು ದೇವದಾಸಿಯರಾಗಿಸುವ ಪದ್ಧತಿ. ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ 1982ರಷ್ಟು ಹಿಂದಿನದು. ಪದ್ಧತಿ ಮಾತ್ರ ಕಾಯ್ದೆಗೆ ತಕ್ಷಣ ತಲೆಬಾಗಲಿಲ್ಲ. ದಲಿತ ಕುಟುಂಬಗಳ ಹುಡುಗಿಯರು ಯಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು, ಊರಲ್ಲೇ ಇದ್ದೋ ಮಹಾರಾಷ್ಟ್ರದ ಪಟ್ಟಣಗಳಿಗೆ ಹೋಗಿಯೋ ಸಂಸಾರ ಸಾಕುತ್ತಿದ್ದರು.

ಮ್ಯಾನಿಟೋಬಾ ತಂಡ 1,588 ಲೈಂಗಿಕ ಕಾರ್ಯಕರ್ತೆಯರನ್ನು ಮಾತನಾಡಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 414 ಮಂದಿ ಅಂದರೆ ಶೇ. 26ರಷ್ಟು ಜನ ದೇವದಾಸಿ ಪದ್ಧತಿಯ ಮೂಲಕ ಈ ವೃತ್ತಿಗೆ ಬಂದವರು. ಅವರು ವೃತ್ತಿಗೆ ಬಂದಾಗ ವಯಸ್ಸು ಸರಾಸರಿ 16 ಕೂಡ ತುಂಬಿರಲಿಲ್ಲ. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ದುಡಿಯುತ್ತಿದ್ದದ್ದು ಹಳ್ಳಿಗಳಲ್ಲೇ. ಉಳಿದ ಕಾರ್ಯಕರ್ತೆಯರಲ್ಲಿ ಹತ್ತಕ್ಕೆ ಒಬ್ಬರೂ ಹಳ್ಳಿಯಲ್ಲಿರಲಿಲ್ಲ. ಪಟ್ಟಣದ ಲಾಡ್ಜುಗಳನ್ನೂ ಟ್ರಕ್ ನಿಲ್ದಾಣಗಳನ್ನೂ ಲೆಕ್ಕಕ್ಕೆ ಹಿಡಿದು ಹಾಕಿದ್ದ ಯೋಜನೆಗಳು ಮುಧೋಳ, ಜಮಖಂಡಿ ಕಡೆಯ ಈ ಹೆಂಗಸರನ್ನು ತಲುಪುವಂತಿರಲಿಲ್ಲ.

2003ರಲ್ಲಿ ಬಿಲ್ ಆಂಡ್ ಮೆಲಿಂಡಾ ಗೇಟ್ಸ್ ಪ್ರತಿಷ್ಠಾನ ‘ಆವಾಹನ್’ ಎಂಬ ಹೆಸರಿನಲ್ಲಿ ದೇಶದ ಆರು ರಾಜ್ಯಗಳಲ್ಲಿ ಎಚ್‌ಐವಿ ತಡೆ ಕಾರ್ಯಕ್ರಮ ಆರಂಭಿಸಿತು. ಕರ್ನಾಟಕದ ಹೊಣೆ ಕೆಎಚ್‌ಪಿಟಿಗೆ ಬಂತು. ಕೆಲಸದ ಬೆನ್ನೆಲುಬು ‘ಪೀರ್’ ಎಂದೇ ಎಲ್ಲರೂ ಕರೆಯುವ ಪೀರ್ ಎಜುಕೇಟರುಗಳು, ಅಂದರೆ ಅದೇ ವೃತ್ತಿಯಲ್ಲಿದ್ದ ಹೆಣ್ಣುಮಕ್ಕಳು. ಒಬ್ಬೊಬ್ಬ ಪೀರ್‌ಗೆ 50–60 ಮಂದಿಯ ಜವಾಬ್ದಾರಿ. ಯಾರು ಯಾವ ಜಾಗದಲ್ಲಿ ನಿಲ್ಲುತ್ತಾರೆ, ವಾರಕ್ಕೆ ಎಷ್ಟು ಕಾಂಡೊಮ್ ಬೇಕಾಗುತ್ತದೆ, ಕ್ಲಿನಿಕ್ಕಿಗೆ ಯಾವಾಗ ಬಂದಿದ್ದರು, ಹೊಡೆತ ತಿಂದರೇ ಎಂಬುದನ್ನೆಲ್ಲ ಪೀರ್‌ಗಳೇ ಬರೆದಿಡಬೇಕಿತ್ತು. ಅವರಲ್ಲಿ ಅನೇಕರಿಗೆ ಓದು ಬರಹ ಬರುತ್ತಿರಲಿಲ್ಲ. ಅದಕ್ಕಾಗಿ ಅಕ್ಷರದ ಬದಲು ಚಿತ್ರಗಳಿರುವ ಹಾಳೆಗಳು ತಯಾರಾದವು. ಹೊರಗಿನ ಸಂಶೋಧಕ ವರ್ಷಕ್ಕೊಮ್ಮೆ ಬಂದು ಬರೆದುಕೊಳ್ಳುವ ಮಾಹಿತಿಯನ್ನು ಇವರು ವಾರವಾರ ತಮ್ಮ ಕೈಯಲ್ಲೇ ಇಟ್ಟುಕೊಂಡರು. ಯಾವ ಬೀದಿಗೆ ಮೊದಲು ಹೋಗಬೇಕು ಎಂಬುದನ್ನು ಅದೇ ಹಾಳೆ ನೋಡಿ ತೀರ್ಮಾನಿಸಿದರು.

ಇಷ್ಟಾದರೂ ಒಂದು ತೊಡಕು ಉಳಿದಿತ್ತು. ಎದುರಿಗೆ ಕೂತು, ಪೆನ್ನು ಹಿಡಿದು, ಕಾಂಡೊಮ್ ಬಳಸುತ್ತೀರಾ, ನಿಮ್ಮನ್ನು ಯಾರಾದರೂ ಬಲಾತ್ಕಾರ ಮಾಡಿದರಾ ಎಂದು ಕೇಳಿದರೆ ಯಾರು ತಾನೆ ನಿಜ ಹೇಳುತ್ತಾರೆ? ಕೇಳುವವರಿಗೆ ಹಿತವಾಗುವ ಉತ್ತರ ಬಾಯಿಗೆ ಬರುತ್ತದೆ. ಹೇಳಿದ್ದು ಪೊಲೀಸರ ಕಿವಿಗೋ ಮನೆಯವರ ಕಿವಿಗೋ ಬಿದ್ದರೆ ಎಂಬ ಭಯ ಬೇರೆ. ಇದಕ್ಕೆ ಸಿಕ್ಕ ದಾರಿ ‘ಪೋಲಿಂಗ್ ಬೂತ್ ಸರ್ವೆ’, ಮತಗಟ್ಟೆ ಸಮೀಕ್ಷೆ.

ಅದು ನಡೆಯುವುದು ಹೀಗೆ. ಹತ್ತು ಹನ್ನೆರಡು ಹೆಂಗಸರು ಒಂದು ಕೋಣೆಯಲ್ಲಿ ಸೇರುತ್ತಾರೆ. ಚುನಾವಣೆಯ ಮತಗಟ್ಟೆಯಲ್ಲಿ ಇಡುವಂಥ ರಟ್ಟಿನ ಮರೆ ಪ್ರತಿಯೊಬ್ಬರ ಮುಂದೆಯೂ ಇರುತ್ತದೆ. ಮರೆಯ ಹಿಂದೆ ಪೆಟ್ಟಿಗೆಗಳು: ಹೌದು ಎನ್ನಲು ಹಸಿರು, ಇಲ್ಲ ಎನ್ನಲು ಕೆಂಪು, ಪ್ರಶ್ನೆ ತನಗೆ ಸಂಬಂಧಿಸಿದ್ದಲ್ಲ ಎನ್ನಲು ಬಿಳಿ. ಕೈಯಲ್ಲಿ ಸಂಖ್ಯೆ ಬರೆದ ಕಾರ್ಡುಗಳ ಕಟ್ಟು. ಸಮೀಕ್ಷೆ ನಡೆಸುವವರು ಪ್ರಶ್ನೆಯನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದುತ್ತಾರೆ. ಒಂದನೇ ಪ್ರಶ್ನೆಗೆ ಒಂದನೇ ಕಾರ್ಡು, ಎರಡನೆಯದಕ್ಕೆ ಎರಡನೆಯದು. ಯಾರೂ ಬಾಯಿ ಬಿಡಬೇಕಿಲ್ಲ, ಹೆಸರು ಬರೆಯಬೇಕಿಲ್ಲ, ಓದು ಬರಬೇಕೆಂದೂ ಇಲ್ಲ. ಪಕ್ಕದಲ್ಲಿ ಕೂತವಳಿಗೂ ಪ್ರಶ್ನೆ ಓದಿದವರಿಗೂ ಯಾರ ಕಾರ್ಡು ಯಾವ ಪೆಟ್ಟಿಗೆಗೆ ಬಿತ್ತೆಂದು ತಿಳಿಯದು. ಕೊನೆಗೆ ಎಲ್ಲರ ಪೆಟ್ಟಿಗೆಗಳ ಕಾರ್ಡುಗಳನ್ನು ಬಣ್ಣಬಣ್ಣವಾಗಿ ಒಟ್ಟು ಮಾಡಿ ಎಣಿಸಲಾಗುತ್ತದೆ. ಇಷ್ಟು ಮಂದಿಯಲ್ಲಿ ಇಷ್ಟು ಹೌದು, ಇಷ್ಟು ಇಲ್ಲ ಎಂಬ ಲೆಕ್ಕವನ್ನು ಗುಂಪಿನ ಮುಂದಿಟ್ಟು, ಹೀಗೇಕೆ ಬಂತು ಎಂದು ಚರ್ಚಿಸುವುದೂ ಈ ವಿಧಾನದ ಭಾಗ.

ಇದರಿಂದ ಏನಾಯಿತೆಂದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಕರ್ನಾಟಕದ ಲೈಂಗಿಕ ಕಾರ್ಯಕರ್ತೆಯರ ಮೇಲಾಗುವ ಹಿಂಸೆಯನ್ನು ಅದು ಎರಡು ಬಗೆಯಲ್ಲಿ ಅಳೆದಿತ್ತು. ಎದುರಿಗೆ ಕೂತು ಕೇಳಿದಾಗ, 3,852 ಮಂದಿಯಲ್ಲಿ ಹಿಂದಿನ ಒಂದು ವರ್ಷದಲ್ಲಿ ಹೊಡೆತಕ್ಕೋ ಅತ್ಯಾಚಾರಕ್ಕೋ ಒಳಗಾಗಿದ್ದೆವು ಎಂದವರು ಶೇ. 11. ಮತಗಟ್ಟೆ ಸಮೀಕ್ಷೆಯಲ್ಲಿ, 7,638 ಮಂದಿಯಲ್ಲಿ, ಅದೇ ಮಾತಿಗೆ ಹೌದು ಎಂದವರು ಶೇ. 26.4. ಎರಡರಲ್ಲಿ ಭಾಗವಹಿಸಿದವರು ಅದೇ ಹೆಂಗಸರಲ್ಲ ಎಂಬುದನ್ನು ನೆನಪಿಟ್ಟುಕೊಂಡೂ, ಈ ಅಂತರ ಕಣ್ಣು ತೆರೆಸುವಂಥದ್ದು. ಎದುರುಬದುರು ಕೂತು ಕೇಳಿದರೆ ಹತ್ತರಲ್ಲಿ ಒಬ್ಬಳು ಹೇಳುವ ನೋವನ್ನು, ಮರೆಯ ಹಿಂದೆ ನಾಲ್ವರಲ್ಲಿ ಒಬ್ಬಳು ಹೇಳಿದಳು. ಮೊದಲ ಅಂಕಿಯನ್ನಷ್ಟೇ ನಂಬಿ ಯೋಜನೆ ರೂಪಿಸಿದ್ದರೆ ಸಾವಿರಾರು ಹೆಂಗಸರ ಪೆಟ್ಟು ಲೆಕ್ಕಕ್ಕೇ ಬರುತ್ತಿರಲಿಲ್ಲ.

ಅಂಕಿ ಬಂದ ಮೇಲೆ ಕೆಲಸವೂ ಬದಲಾಯಿತು. ಹೊಡೆತ ಬಿದ್ದವಳು ಕಾಂಡೊಮ್ ಬಗ್ಗೆ ಚೌಕಾಸಿ ಮಾಡುವ ಸ್ಥಿತಿಯಲ್ಲಿರುವುದಿಲ್ಲ, ಕ್ಲಿನಿಕ್ಕಿಗೂ ಬರುವುದಿಲ್ಲ. ಹಾಗಾಗಿ ಹಿಂಸೆ ತಡೆಯುವುದು ಎಚ್‌ಐವಿ ತಡೆಯ ಮೊದಲ ಹೆಜ್ಜೆ ಎಂಬುದು ಸ್ಪಷ್ಟವಾಯಿತು. ಫೋನು ಬಂದ ಕೂಡಲೇ ಪೊಲೀಸ್ ಠಾಣೆಗೋ ಆಸ್ಪತ್ರೆಗೋ ಧಾವಿಸುವ ತಂಡಗಳು ಜಿಲ್ಲೆ ಜಿಲ್ಲೆಯಲ್ಲಿ ಕಟ್ಟಿಕೊಂಡವು. ಅವುಗಳಲ್ಲಿ ಸಂಘದ ಹೆಂಗಸರು, ವಕೀಲರು ಇದ್ದರು. ಪೊಲೀಸರಿಗೆ ತರಬೇತಿ ನಡೆಯಿತು. ಮತಗಟ್ಟೆ ಸಮೀಕ್ಷೆ ಮತ್ತೊಮ್ಮೆ ನಡೆದ ಕಡೆಗಳಲ್ಲಿ ಹಿಂಸೆ ಅನುಭವಿಸಿದ್ದೆವು ಎಂದವರ ಪ್ರಮಾಣ ಶೇ. 27.3ರಿಂದ 18.9ಕ್ಕೆ ಇಳಿದಿತ್ತು.

ಮೈಸೂರಿನಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2004ರಲ್ಲಿ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಯೋಜನೆಯಾಗಿ ಶುರುವಾದದ್ದು ಮರುವರ್ಷವೇ ‘ಆಶೋದಯ ಸಮಿತಿ’ ಎಂಬ ಲೈಂಗಿಕ ಕಾರ್ಯಕರ್ತರ ಸ್ವಂತ ಸಂಸ್ಥೆಯಾಯಿತು. ಆಶೋದಯದ ಸದಸ್ಯರು ಸಂಶೋಧನೆಯ ಪಟ್ಟುಗಳನ್ನು ತಾವೇ ಕಲಿತರು. 2008ರಲ್ಲಿ ಪ್ರಕಟವಾದ ಮೈಸೂರಿನ ಅಧ್ಯಯನದ ಪ್ರಕಾರ ಅಲ್ಲಿಯ ಕಾರ್ಯಕರ್ತೆಯರಲ್ಲಿ ಸಿಫಿಲಿಸ್ ಶೇ. 25ರಿಂದ 12ಕ್ಕೆ ಇಳಿದಿತ್ತು. ಅಪರೂಪಕ್ಕೆ ಬರುವ ಗಿರಾಕಿಗಳೊಂದಿಗೆ ಕೊನೆಯ ಬಾರಿ ಕಾಂಡೊಮ್ ಬಳಸಿದ್ದವರು ಶೇ. 65ರಿಂದ 90ಕ್ಕೆ ಏರಿದ್ದರು. ಮುಂದೆ, ಎಚ್‌ಐವಿ ತಗಲುವ ಮೊದಲೇ ದಿನಕ್ಕೊಂದು ಮಾತ್ರೆ ನುಂಗಿ ಸೋಂಕು ತಡೆಯುವ ‘ಪ್ರೆಪ್’ ಚಿಕಿತ್ಸೆ ಭಾರತದಲ್ಲಿ ನಡೆಯುತ್ತದೆಯೇ ಎಂದು ಪರೀಕ್ಷಿಸುವ ಪ್ರಶ್ನೆ ಎದ್ದಾಗ, ಆರಿಸಿಕೊಂಡ ಎರಡು ಜಾಗಗಳಲ್ಲಿ ಒಂದು ಕೋಲ್ಕತ್ತಾದ ಸೋನಾಗಾಚಿ, ಇನ್ನೊಂದು ಮೈಸೂರು. ಮೈಸೂರು–ಮಂಡ್ಯ ಭಾಗದಲ್ಲಿ ಆರುನೂರಕ್ಕೂ ಹೆಚ್ಚು ಹೆಂಗಸರು ಅದರಲ್ಲಿ ಸೇರಿಕೊಂಡರು. ಅದನ್ನು ಮುನ್ನಡೆಸಿದ್ದು ಅವರದೇ ಸಮಿತಿ.

ಬೆಂಗಳೂರಿನ ಕಥೆ ಬೇರೆ. ಇಲ್ಲಿ ಈ ವೃತ್ತಿಗೆ ಒಂದು ಬೀದಿ, ಒಂದು ಕೇರಿ ಎಂದಿಲ್ಲ. ಮೆಜೆಸ್ಟಿಕ್ ಸುತ್ತಲಿನ ರಸ್ತೆಗಳು, ಬಾಡಿಗೆ ಮನೆಗಳು, ಲಾಡ್ಜುಗಳು, ಆಮೇಲೆ ಮೊಬೈಲ್ ಫೋನು. ಹಗಲು ಗಾರ್ಮೆಂಟ್ಸ್‌ಗೋ ಮನೆಗೆಲಸಕ್ಕೋ ಹೋಗುವವರೂ ಇದ್ದಾರೆ. 2005ರಲ್ಲಿ ಆರಂಭವಾದ ‘ಪ್ರಗತಿ’ ಕಾರ್ಯಕ್ರಮವನ್ನು ಸ್ವಾತಿ ಮಹಿಳಾ ಸಂಘ ಎಂಬ ಕಾರ್ಯಕರ್ತೆಯರ ಸಂಘಟನೆ, ಸ್ವಸ್ತಿ ಸಂಸ್ಥೆ ಮತ್ತು ಕೆಎಚ್‌ಪಿಟಿ ಸೇರಿ ನಡೆಸಿದವು. ಐದು ವರ್ಷಗಳಲ್ಲಿ 20 ಸಾವಿರಕ್ಕೂ ಹೆಚ್ಚು ಹೆಂಗಸರು ಅದರ ಸೇವೆ ಪಡೆದರು. ಕ್ಲಿನಿಕ್ಕಿನ ಜೊತೆಗೆ ಉಳಿತಾಯ, ಸಾಲ, ಹಿಂಸೆಯಾದಾಗ ನೆರವು ಇವೆಲ್ಲ ಸೇರಿದ್ದವು. ಕಾಯಿಲೆಗಿಂತ ಮೊದಲು ಬಡ್ಡಿಸಾಲದ ಚಿಂತೆ ಕಾಡುವವಳಿಗೆ ಬರೀ ಕಾಂಡೊಮ್ ಕೊಟ್ಟರೆ ಸಾಲದು ಎಂಬುದು ಸಂಘದವರಿಗೆ ಗೊತ್ತಿತ್ತು.

ಬೆಳಗಾವಿ, ಬಳ್ಳಾರಿ, ಮೈಸೂರು, ಶಿವಮೊಗ್ಗ ಮತ್ತು ಬೆಂಗಳೂರು ನಗರ, ಈ ಐದು ಜಿಲ್ಲೆಗಳ ಎರಡು ಸುತ್ತಿನ ಸಮೀಕ್ಷೆಗಳನ್ನು ಹೋಲಿಸಿದಾಗ ಲೈಂಗಿಕ ಕಾರ್ಯಕರ್ತೆಯರಲ್ಲಿ ಎಚ್‌ಐವಿ ಪ್ರಮಾಣ ಶೇ. 19.6ರಿಂದ 16.4ಕ್ಕೆ ಇಳಿದದ್ದು ಕಂಡಿತು. ಒಮ್ಮೆ ತಗಲಿದರೆ ಮೈಯಿಂದ ಹೋಗದ ಸೋಂಕಿನ ಪ್ರಮಾಣ ಕೆಲವೇ ವರ್ಷಗಳಲ್ಲಿ ಇಷ್ಟು ಇಳಿಯುವುದು ಸಣ್ಣ ಸಂಗತಿಯಲ್ಲ. 2009ರಿಂದ 2013ರ ನಡುವೆ ಆವಾಹನ್ ಕಾರ್ಯಕ್ರಮವನ್ನು ಹಂತ ಹಂತವಾಗಿ ಸರ್ಕಾರಕ್ಕೆ ಹಸ್ತಾಂತರಿಸಲಾಯಿತು.

ಗೆಲುವುಗಳನ್ನು ಮಾತ್ರ ಹೇಳಿ ಮುಗಿಸಿದರೆ ಈ ಚರಿತ್ರೆಗೆ ಅನ್ಯಾಯವಾದೀತು. ಮುಧೋಳ ಮತ್ತು ಜಮಖಂಡಿ ತಾಲ್ಲೂಕುಗಳ 47 ಹಳ್ಳಿಗಳಲ್ಲಿ ‘ಸಂವೇದನಾ ಪ್ಲಸ್’ ಎಂಬ ಪ್ರಯೋಗ ನಡೆಯಿತು. ಗಿರಾಕಿಗಳಿಂದಾಗುವ ಹಿಂಸೆ ಕಡಿಮೆಯಾದರೂ, ಗಂಡನಂತೆ ಜೊತೆಗಿರುವ ಖಾಯಂ ಸಂಗಾತಿಯ ಹೊಡೆತ ನಿಂತಿಲ್ಲ, ಅವನೊಂದಿಗೆ ಕಾಂಡೊಮ್ ಮಾತೂ ಎತ್ತುವಂತಿಲ್ಲ ಎಂಬ ಅನುಭವದಿಂದ ಹುಟ್ಟಿದ ಪ್ರಯೋಗ ಅದು. ಚೈತನ್ಯ ಏಡ್ಸ್ ತಡೆಗಟ್ಟುವ ಮಹಿಳಾ ಸಂಘ ಹಳ್ಳಿಗಳಲ್ಲಿ ಅದನ್ನು ನಡೆಸಿತು. ಸಂಗಾತಿಯ ಹಿಂಸೆ ನಿರೀಕ್ಷಿಸಿದಷ್ಟು ಇಳಿಯಲಿಲ್ಲ. ಆದರೆ ಅದನ್ನು ಮುಚ್ಚಿಡದೆ ಹೇಳಿಕೊಳ್ಳುವವರು ಹೆಚ್ಚಿದರು, ತಮ್ಮನ್ನು ಕಾಪಾಡಿಕೊಳ್ಳುವ ದಾರಿ ಅರಿತವರು ಹೆಚ್ಚಿದರು.

ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ‘ಸಮತಾ’ ಯೋಜನೆಯದೂ ಇಂಥದೇ ಅನುಭವ. ಪರಿಶಿಷ್ಟ ಜಾತಿ, ಪಂಗಡಗಳ ಹುಡುಗಿಯರು ಹತ್ತನೇ ತರಗತಿ ಮುಗಿಸಬೇಕು, ಬಾಲ್ಯದಲ್ಲೇ ಮದುವೆಗೋ ಮುತ್ತು ಕಟ್ಟುವುದಕ್ಕೋ ಬಲಿಯಾಗಬಾರದು ಎಂಬ ಗುರಿಯಿಂದ ಲಂಡನ್ ಸ್ಕೂಲ್ ಆಫ್ ಹೈಜೀನ್ ಆಂಡ್ ಟ್ರಾಪಿಕಲ್ ಮೆಡಿಸಿನ್‌ನ ಸಂಶೋಧಕರೂ ಕೆಎಚ್‌ಪಿಟಿಯೂ ಜೊತೆಯಾದರು. 80 ಹಳ್ಳಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಅರ್ಧದಲ್ಲಿ ಯೋಜನೆ ನಡೆಸಿ, 2014ರಿಂದ 2017ರವರೆಗೆ ಹೋಲಿಸಿ ನೋಡಿದರು. ಒಟ್ಟಾರೆ ವ್ಯತ್ಯಾಸ ಸಿಗಲಿಲ್ಲ. ಯೋಜನೆ ಇಲ್ಲದ ಹಳ್ಳಿಗಳಲ್ಲೂ ಹುಡುಗಿಯರು ನಿರೀಕ್ಷೆಗಿಂತ ಹೆಚ್ಚಿನ ಸಂಖ್ಯೆಯಲ್ಲಿ ಶಾಲೆಯಲ್ಲಿ ಉಳಿದಿದ್ದರು. ಈ ಫಲಿತಾಂಶವನ್ನು ಸಂಶೋಧಕರು ಮುಚ್ಚಿಡದೆ ಪ್ರಕಟಿಸಿದ್ದು ಮೆಚ್ಚಬೇಕಾದ ಕೆಲಸ. ಹಳ್ಳಿಯವರು ವರ್ಷಗಟ್ಟಲೆ ಸಮಯ ಕೊಟ್ಟ ಮೇಲೆ ಅವರಿಗೆ ಸಲ್ಲಬೇಕಾದದ್ದು ನಿಜವಾದ ಲೆಕ್ಕ.

ರಾಜಾಜಿನಗರದ ಕಚೇರಿಯ ಕೆಲಸ ಆಮೇಲೆ ಕ್ಷಯದ ಕಡೆಗೂ ಹೊರಳಿತು. 2016ರಲ್ಲಿ ಆರಂಭವಾದ ‘ಥಾಲಿ’ ಯೋಜನೆ ಕರ್ನಾಟಕ, ತೆಲಂಗಾಣಗಳ ನಗರದ ಕೊಳೆಗೇರಿಗಳಲ್ಲಿ ಕ್ಷಯ ರೋಗಿಗಳನ್ನು ಹುಡುಕಿತು. ಚಿಕಿತ್ಸೆ ಅರ್ಧಕ್ಕೆ ಬಿಡದಂತೆ ರೋಗಿಗಳ ಮತ್ತು ಮನೆಯವರ ಗುಂಪುಗಳನ್ನು ಕಟ್ಟಿತು. ತುಮಕೂರಿನ ಹಳ್ಳಿಗರ ಮಾತಿಗೆ ಕಿವಿಗೊಟ್ಟ ಅಧ್ಯಯನಕ್ಕೂ ಇದಕ್ಕೂ ಅರ್ಧ ಶತಮಾನದ ಅಂತರ. ಇತ್ತ ಮತಗಟ್ಟೆ ಸಮೀಕ್ಷೆ ಕಡಲು ದಾಟಿತು. ಮ್ಯಾನಿಟೋಬಾದ ತಂಡಗಳ ಮೂಲಕ ಅದು ಕೆನ್ಯಾದ ರಾಷ್ಟ್ರೀಯ ಎಚ್‌ಐವಿ ಕಾರ್ಯಕ್ರಮವನ್ನು ಸೇರಿ, ಅಲ್ಲಿಯ ಲೈಂಗಿಕ ಕಾರ್ಯಕರ್ತೆಯರ ಸಮೀಕ್ಷೆಗೂ ಬಳಕೆಯಾಯಿತು. ನೈರೋಬಿಯ ಅನುಭವ ಹೊತ್ತು ಕರ್ನಾಟಕಕ್ಕೆ ಬಂದವರು ಕರ್ನಾಟಕದಲ್ಲಿ ಕಲಿತದ್ದನ್ನು ಅಲ್ಲಿಗೆ ಒಯ್ದರು.

ಇನ್ನೂ ಒಂದು ಬಾಕಿ ಇದೆ. ಈ ಅಧ್ಯಯನಗಳು ಹೆಚ್ಚಾಗಿ ವಿದೇಶಿ ವೈದ್ಯಕೀಯ ಪತ್ರಿಕೆಗಳಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಗಿವೆ. ಅವುಗಳಿಗೆ ಆಧಾರವಾದ ಉತ್ತರಗಳು ಬಂದದ್ದು ಕನ್ನಡದಲ್ಲಿ, ಬಹುಪಾಲು ಓದು ಬಾರದ ಹೆಂಗಸರಿಂದ. ಕಾರ್ಡು ಎಣಿಸಿದ ದಿನವೇ ಲೆಕ್ಕವನ್ನು ಗುಂಪಿನ ಮುಂದಿಡುವ ಒಳ್ಳೆಯ ಪದ್ಧತಿ ಮತಗಟ್ಟೆ ಸಮೀಕ್ಷೆಯಲ್ಲೇ ಇದೆ. ಹತ್ತು ವರ್ಷದ ಒಟ್ಟು ಲೆಕ್ಕಕ್ಕೂ ಅದೇ ಪದ್ಧತಿ ಸಲ್ಲಬೇಕು. ಸಿಫಿಲಿಸ್ ಎಷ್ಟು ಇಳಿಯಿತು, ಹಿಂಸೆ ಎಲ್ಲಿ ತಗ್ಗಿತು, ಯಾವ ಪ್ರಯೋಗ ಸೋತಿತು, ಏಕೆ ಸೋತಿತು ಎಂಬುದನ್ನು ಮುಧೋಳದ, ಮೈಸೂರಿನ, ಬೆಂಗಳೂರಿನ ಸಂಘಗಳ ಸಭೆಗಳಲ್ಲಿ ಕನ್ನಡದಲ್ಲಿ, ಓದು ಬಾರದವರಿಗೂ ತಿಳಿಯುವಂತೆ ಚಿತ್ರಗಳ ಮೂಲಕ ವಿವರಿಸಬೇಕು. ಅದಕ್ಕೆ ತಗಲುವ ಖರ್ಚು ಮತ್ತು ಸಮಯವನ್ನು ಪ್ರತಿ ಸಂಶೋಧನಾ ಯೋಜನೆಯ ಬಜೆಟ್ಟಿನಲ್ಲಿ ಮೊದಲ ದಿನವೇ ತೆಗೆದಿಡುವುದು ವಿಶ್ವವಿದ್ಯಾಲಯಗಳ, ಹಣ ಕೊಡುವವರ ಮತ್ತು ನೈತಿಕ ಸಮಿತಿಗಳ ಹೊಣೆ.